ನಿಮ್ಮ ಗದ್ದೆಯ ಗೇಟು ಎಷ್ಟು ಗಂಟೆಗೆ ತೆಗೀತಾರೆ?

ಕಳೆದ ವಾರ ಅಮ್ಮ ಊರಿನಿಂದ ಏಣೆಲು ಕೊಯ್ಲಿನ ವಿಡಿಯೋ ಕಳಿಸಿದ್ದರು. ಬೈಲಿನಲ್ಲಿ ಕಟಾವು ಯಂತ್ರ ಹೋಗುತ್ತಿದೆ, ಹಿಂದಿನಿಂದ ಬೆಳ್ಳಕ್ಕಿಗಳ ಹಿಂಡು. ಯೆರೂಸಲೇಮಿನಲ್ಲಿ ನಾನು ನೋಡಿಕೊಳ್ಳುವ ಅಜ್ಜಿಯನ್ನು ಅಪಾರ್ಟ್‌ಮೆಂಟಿನ ಕೆಳಗಿನ ಬೆಂಚಿನಲ್ಲಿ ಬಿಸಿಲಿಗೆ ಕೂರಿಸಿ ಅದನ್ನೇ ನೋಡುತ್ತಿದ್ದೆ. ಮೂರನೇ ಮಹಡಿಯ ಹುಡುಗ ಬಂದು ಪಕ್ಕದಲ್ಲಿ ಕೂತ. ಎಂಟು ವರ್ಷದವನು. ಅವನ ಅಮ್ಮ ನರ್ಸು, ಪ್ಯಾಲೆಸ್ಟೀನಿನವಳು. ನಾನೂ ಅವನೂ ಮಾತಾಡೋದು ನನ್ನ ಅರೆಬರೆ ಹೀಬ್ರೂವಿನಲ್ಲಿ.

"ಇದು ನಿಮ್ಮದಾ?"

"ನಮ್ಮದೇ. ಅಮ್ಮ ನೋಡಿಕೊಳ್ತಾರೆ."

"ಗೇಟು ಎಷ್ಟು ಗಂಟೆಗೆ ತೆಗೀತಾರೆ?"

ಯಾವ ಗೇಟು ಅಂತ ಕೇಳಿದೆ. ಗದ್ದೆಗೆ ಹೋಗೋ ಗೇಟು ಅಂದ. ಗೇಟೇ ಇಲ್ಲ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದ.

"ಹಾಗಾದ್ರೆ ನಿಮ್ಮಮ್ಮ ಯಾವಾಗ ಬೇಕಾದ್ರೂ ಹೋಗಬಹುದಾ? ರಾತ್ರಿನೂ?"

"ರಾತ್ರಿನೂ. ಹಂದಿ ಬಂದ್ರೆ ಓಡಿಸಬೇಕಲ್ಲ."

"ಅಜ್ಜನ ಊರಲ್ಲೂ ಹಂದಿ ಬರ್ತವೆ" ಅಂದವನು ಚೆಂಡು ಎತ್ತಿಕೊಂಡು ಓಡಿದ. ಅವನಿಗೆ ಅದು ದೊಡ್ಡ ಮಾತಲ್ಲ. ಶಾಲೆಗೆ ಬೆಲ್ ಇರುವ ಹಾಗೆ ಹೊಲಕ್ಕೆ ಗೇಟು. ನನಗೆ ಮಾತ್ರ ಅವತ್ತಿಡೀ ಅದೇ ಮಾತು ತಲೆಯೊಳಗೆ ಸುತ್ತುತ್ತಿತ್ತು.

ಅವನ ಅಜ್ಜನ ಮನೆ ಇರೋದು ಯೆರೂಸಲೇಮಿನ ವಾಯವ್ಯಕ್ಕೆ, ಬಿದ್ದು ಕಡೆಯ ಒಂದು ಹಳ್ಳಿಯಲ್ಲಿ. ಹಿಂದೆ ಇಲ್ಲಿಂದ ಕಾರಿನಲ್ಲಿ ಅರ್ಧ ಗಂಟೆಯೂ ಬೇಕಿರಲಿಲ್ಲವಂತೆ. ಈಗ ಕಲಾಂದಿಯಾ ಚೆಕ್‌ಪೋಸ್ಟ್ ದಾಟಿ, ತಗ್ಗಿನಲ್ಲಿ ತೋಡಿದ ರಸ್ತೆ ಹಿಡಿದು ಸುತ್ತಿ ಹೋಗಬೇಕು. ಎಷ್ಟು ಹೊತ್ತಾಗುತ್ತೆ ಅನ್ನೋದು ಅವತ್ತಿನ ಕ್ಯೂ ನೋಡಿ. ಮನೆ ಇಸ್ರೇಲ್ ಕಟ್ಟಿದ ಬೇಲಿಯ (ಪೇಟೆಗಳ ಪಕ್ಕದಲ್ಲಿ ಅದೇ ಗೋಡೆ) ಒಂದು ಕಡೆ, ಆಲಿವ್ ಮರಗಳು ಇನ್ನೊಂದು ಕಡೆ. ನಡುವೆ ಸೈನಿಕರು ತೆಗೆಯುವ ಗೇಟು. ಮೊದಲೇ ಹೆಸರು ಕೊಟ್ಟಿರಬೇಕು, ಪಟ್ಟಿಯಲ್ಲಿ ಆ ಹೆಸರು ಇರಬೇಕು. ಬೆಳಿಗ್ಗೆ ಹೇಳಿದ ಹೊತ್ತಿಗೆ ಒಳಗೆ ಹೋಗಿ, ಹೇಳಿದ ಹೊತ್ತಿಗೆ ಹೊರಗೆ ಬರಬೇಕು.

ಪಶ್ಚಿಮ ದಂಡೆಯಲ್ಲಿ, ಅಂದರೆ 1967ರ ಯುದ್ಧದಲ್ಲಿ ಇಸ್ರೇಲ್ ಹಿಡಿದುಕೊಂಡ ಪ್ಯಾಲೆಸ್ಟೀನಿಯರ ನೆಲದಲ್ಲಿ, ಇಂಥ ಗೇಟುಗಳು ಸುಮಾರು 70 ಇವೆ. ದಿನಾ ತೆಗೆಯೋದು ಕೆಲವನ್ನು ಮಾತ್ರ. ಹೆಚ್ಚಿನವು ಆಲಿವ್ ಕೊಯ್ಲಿನ ಕೆಲವು ದಿನ, ಅಕ್ಟೋಬರ್ ನವೆಂಬರಿನಲ್ಲಿ ತೆಗೆದರೆ ಮತ್ತೆ ಮುಂದಿನ ವರ್ಷವೇ. 2023ರ ಅಕ್ಟೋಬರಿನ ನಂತರ ಅವೂ ಬಹುಪಾಲು ಮುಚ್ಚಿಬಿಟ್ಟವು.

ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಗೋಡೆಯ ಸುದ್ದಿ ಅವರು ಟೀವಿಯಲ್ಲಿ ಕೇಳಿದ್ದರು. "ಗೋಡೆ ಇರೋದು ಒಳ್ಳೇದೇ ಅಲ್ವಾ, ನಿನಗೂ ಭಯವಿಲ್ಲ" ಅನ್ನುತ್ತಿದ್ದವರು. ಅವತ್ತು ಬೇರೆಯೇ ಪ್ರಶ್ನೆ ಕೇಳಿದರು.

"ಕೊಯ್ಯೋಕೆ ಬಿಟ್ರು ಸರಿ. ಬುಡ ಬಿಡಿಸೋದು ಯಾರು? ಹುಲ್ಲು ತೆಗೆಯೋದು ಯಾವಾಗ?"

ತೋಟ ಮಾಡಿದವರು ಕೇಳುವ ಪ್ರಶ್ನೆ ಅದು. ಆಲಿವ್ ಮರಕ್ಕೂ ವರ್ಷವಿಡೀ ಕೆಲಸ ಇದೆ. ಉಳಬೇಕು, ಗೆಲ್ಲು ಸವರಬೇಕು, ಕಳೆ ತೆಗೆಯಬೇಕು. ಹನ್ನೊಂದು ತಿಂಗಳು ಯಾರೂ ಕಾಲಿಡದಿದ್ದರೆ ಹುಲ್ಲು ಎದೆಮಟ್ಟ ಬೆಳೆದು ಬೇಸಿಗೆಯಲ್ಲಿ ಒಣಗಿ ನಿಲ್ಲುತ್ತದೆ. ಒಂದು ಕಿಡಿ ಬಿದ್ದರೆ ಮುಗಿಯಿತು. ಬೇಲಿಯ ಆಚೆ ಸಿಕ್ಕಿಕೊಂಡ ಮರಗಳ ಇಳುವರಿ, ಈಚೆ ಇರುವ ಅಂಥದ್ದೇ ಮರಗಳಿಗಿಂತ ಅರ್ಧಕ್ಕೂ ಜಾಸ್ತಿ ಕಡಿಮೆ ಅಂತ ವಿಶ್ವಸಂಸ್ಥೆಯ ಮಾನವೀಯ ನೆರವಿನ ಕಚೇರಿ ವರ್ಷಗಟ್ಟಲೆ ಲೆಕ್ಕ ಹಾಕಿ ಹೇಳಿದೆ. ಅಮ್ಮನಿಗೆ ಆ ಲೆಕ್ಕ ಬೇಕಾಗಲಿಲ್ಲ.

ನಾನು ನೋಡಿಕೊಳ್ಳುವ ಅಜ್ಜಿಗೆ ಗೋಡೆಯ ಬಗ್ಗೆ ಕೇಳಿದರೆ ಅವರು ಹೇಳೋದು 2002ರ ಕಥೆ. ಆ ವರ್ಷ ಮಾರ್ಚ್ 27ರಂದು, ಯಹೂದಿಗಳ ಪೆಸಾಹ್ ಹಬ್ಬದ ರಾತ್ರಿ, ಇಸ್ರೇಲಿನ ನೆತಾನ್ಯಾ ಪೇಟೆಯ ಹೋಟೆಲಿನಲ್ಲಿ ಊಟಕ್ಕೆ ಕೂತವರ ನಡುವೆ ಆತ್ಮಾಹುತಿ ಬಾಂಬ್ ಸಿಡಿದು 30 ಜನ ಸತ್ತರು. ಆಗ ಅಜ್ಜಿ ಬಸ್ಸು ಹತ್ತಿದ ಕೂಡಲೇ ಎಲ್ಲರ ಚೀಲ ನೋಡುತ್ತಿದ್ದರಂತೆ. ಈಗಲೂ ಸೈರನ್ ಕೇಳಿದರೆ ನನ್ನ ಕೈ ಹಿಡಿದುಕೊಳ್ಳುತ್ತಾರೆ. ಆ ಕೈಯ ನಡುಕ ನನಗೆ ಗೊತ್ತು. ಗೋಡೆ ಎದ್ದದ್ದು ಆ ವರ್ಷವೇ. ಅಜ್ಜಿಯ ಹೆದರಿಕೆ ಸುಳ್ಳು ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಆದರೆ ಗೋಡೆ ಎಲ್ಲಿ ಹೋಗಿದೆ ಅಂತ ನೋಡಬೇಕು. ಊರಿನಲ್ಲಿ ಎಷ್ಟೋ ಜನ ಅಂದುಕೊಂಡಿರೋದು ಇದು ಎರಡು ದೇಶಗಳ ಗಡಿಯ ಮೇಲೆ ಇದೆ ಅಂತ. ನಾನೂ ಹಾಗೇ ಅಂದುಕೊಂಡು ಬಂದವಳು. ಇಸ್ರೇಲಿಗೂ ಪಶ್ಚಿಮ ದಂಡೆಗೂ ನಡುವಿನ 1949ರ ಕದನವಿರಾಮದ ಗೆರೆ ಸುಮಾರು 320 ಕಿಲೋಮೀಟರ್. ಗೋಡೆ, ಬೇಲಿ ಎರಡೂ ಸೇರಿದ ಯೋಜನೆಯ ಉದ್ದ ಸುಮಾರು 710 ಕಿಲೋಮೀಟರ್. ಎರಡು ಪಟ್ಟಿಗಿಂತ ಜಾಸ್ತಿ. ಯಾಕಂದ್ರೆ ಅದು ಪಶ್ಚಿಮ ದಂಡೆಯೊಳಗೆ ಇಸ್ರೇಲಿಗರು ಕಟ್ಟಿಕೊಂಡ ವಸತಿ ಬಡಾವಣೆಗಳನ್ನು ತನ್ನೊಳಗೆ ಹಾಕಿಕೊಳ್ಳಲು ಡೊಂಕುಡೊಂಕಾಗಿ ಹೋಗುತ್ತದೆ. ಶೇಕಡಾ 85ರಷ್ಟು ಭಾಗದ ದಾರಿ ಪಶ್ಚಿಮ ದಂಡೆಯ ಒಳಗೇ ಇದೆ. ಕಲ್ಕೀಲಿಯಾ ಪಟ್ಟಣವನ್ನು ಅದು ಹೆಚ್ಚುಕಡಿಮೆ ಸುತ್ತಿಬಿಟ್ಟಿದೆ. ಪೇಟೆಗಳ ಪಕ್ಕದಲ್ಲಿ ಎಂಟು ಮೀಟರ್ ಎತ್ತರದ ಕಾಂಕ್ರೀಟು. ಹಳ್ಳಿಗಳಲ್ಲಿ ತಂತಿ ಬೇಲಿ, ಕಂದಕ, ಗಸ್ತಿನ ರಸ್ತೆ.

ಇಸ್ರೇಲಿನ ಸುಪ್ರೀಂ ಕೋರ್ಟೇ ಇದನ್ನು ಪ್ರಶ್ನಿಸಿದೆ. ಈ ಹುಡುಗನ ಅಜ್ಜನ ಕಡೆಯದೇ ಊರು ಬೇತ್ ಸೂರಿಕ್. ಅಲ್ಲಿನವರು ಕೇಸು ಹಾಕಿದರು. 2004ರ ಜೂನ್ 30ರಂದು ಬಂದ ತೀರ್ಪು, ಪ್ರಶ್ನೆಯಲ್ಲಿದ್ದ 40 ಕಿಲೋಮೀಟರಿನಲ್ಲಿ ಸುಮಾರು 30 ಕಿಲೋಮೀಟರಿನ ದಾರಿಯನ್ನು ರದ್ದು ಮಾಡಿತು. ಬೇಲಿಯ ಕಾರಣ ಭದ್ರತೆಯೇ ಇರಬಹುದು, ಆದರೆ ರೈತರಿಗೆ ಆಗುವ ಪೆಟ್ಟು ಅದಕ್ಕೆ ತಕ್ಕದ್ದಲ್ಲ ಅಂದಿತು ಕೋರ್ಟು. ಬೇಲಿ ಸ್ವಲ್ಪ ಸರಿಯಿತು, ಹೋಗಲಿಲ್ಲ. ಅದಾಗಿ ಕೆಲವೇ ದಿನಕ್ಕೆ, ಜುಲೈ 9ರಂದು, ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 14-1ರ ಬಹುಮತದಿಂದ ಅಭಿಪ್ರಾಯ ಕೊಟ್ಟಿತು. ಆಕ್ರಮಿತ ನೆಲದಲ್ಲಿ ಕಟ್ಟಿದ ಗೋಡೆ ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧ, ಅದನ್ನು ಕಿತ್ತುಹಾಕಬೇಕು, ಕಳಕೊಂಡವರಿಗೆ ಪರಿಹಾರ ಕೊಡಬೇಕು ಅಂತ. ಗೋಡೆ ಇವತ್ತಿಗೂ ನನ್ನ ಅಡುಗೆಮನೆಯ ಕಿಟಕಿಯಿಂದ ಕಾಣುತ್ತದೆ.

ನಾವಿರೋದು ಪಿಸ್ಗತ್ ಜೆಯೆವ್‌ನಲ್ಲಿ. ಈ ಬಡಾವಣೆಯೂ 1967ರ ಯುದ್ಧದಲ್ಲಿ ಹಿಡಿದುಕೊಂಡ ನೆಲದಲ್ಲೇ ಎದ್ದದ್ದು. ಗೋಡೆಯ ಆಚೆ ಶುಆಫಾತ್ ನಿರಾಶ್ರಿತರ ಶಿಬಿರ. ಶಿಬಿರ ಅಂದರೆ ಡೇರೆಗಳಲ್ಲ. ಒಂದಕ್ಕೊಂದು ಅಂಟಿಕೊಂಡ ಎತ್ತರದ ಕಟ್ಟಡಗಳು, ನಡುವೆ ಗಾಳಿಗೂ ಜಾಗವಿಲ್ಲ. ಅದು ಯೆರೂಸಲೇಮ್ ನಗರಸಭೆಯ ಗಡಿಯೊಳಗೇ ಇದೆ. ಅಲ್ಲಿಯ ಹೆಚ್ಚಿನವರ ಕೈಯಲ್ಲಿ ನಗರದ ನೀಲಿ ಗುರುತಿನ ಚೀಟಿ ಇದೆ. ಅವರಿಂದಲೂ ತೆರಿಗೆ ಕೇಳುತ್ತಾರೆ. ಆದರೆ ಊರೊಳಗೆ ಬರಬೇಕಾದರೆ ಚೆಕ್‌ಪೋಸ್ಟ್ ದಾಟಬೇಕು. ಕಸ ತೆಗೆಯುವ ಲಾರಿ ಅಪರೂಪ. 2014ರ ಮಾರ್ಚಿನಲ್ಲಿ ಶಿಬಿರಕ್ಕೂ ಅಕ್ಕಪಕ್ಕಕ್ಕೂ ನಲ್ಲಿ ನೀರು ಬರುವುದು ನಿಂತು ಜನ ವಾರಗಟ್ಟಲೆ ಪರದಾಡಿದರು.

ಇಷ್ಟು ಇಕ್ಕಟ್ಟಿದ್ದರೂ ಅಲ್ಲಿಗೇ ಜನ ಯಾಕೆ ಹೋಗುತ್ತಾರೆ ಅಂತ ನರ್ಸಮ್ಮನನ್ನು ಕೇಳಿದೆ. ಅವಳ ತಂಗಿಯದೇ ಉದಾಹರಣೆ ಕೊಟ್ಟಳು. ತಂಗಿಯ ಗಂಡನದು ನೀಲಿ ಚೀಟಿ, ತಂಗಿಯದು ಪಶ್ಚಿಮ ದಂಡೆಯ ಹಸಿರು ಚೀಟಿ. ಹಸಿರಿನವಳು ಪರವಾನಗಿ ಇಲ್ಲದೆ ಗೋಡೆಯ ಈಚೆ ಬರುವಂತಿಲ್ಲ. ಮದುವೆಯಾದ ಮಾತ್ರಕ್ಕೆ ವಾಸದ ಹಕ್ಕು ಸಿಗದಂತೆ 2003ರಿಂದ ಕಾನೂನು ಇದೆ. ನೀಲಿಯವನು ನಗರದ ಗಡಿ ಬಿಟ್ಟು ಬೇರೆ ಕಡೆ ಸಂಸಾರ ಹೂಡಿದರೆ ಅವನ ಚೀಟಿಯೇ ಹೋಗಬಹುದು. 1967ರಿಂದ ಈಚೆಗೆ ಹಾಗೆ 14,000ಕ್ಕೂ ಹೆಚ್ಚು ಜನರ ವಾಸದ ಹಕ್ಕು ರದ್ದಾಗಿದೆ. ಗಂಡಹೆಂಡತಿ ಒಂದೇ ಸೂರಿನಡಿ ಇರಬೇಕಾದರೆ ಹೆಚ್ಚಾಗಿ ಉಳಿಯೋದು ಎರಡೇ ಜಾಗ. ನಗರದ ಗಡಿಯೊಳಗಿದ್ದೂ ಗೋಡೆಯ ಆಚೆ ಇರುವ ಕಫ್ರ್ ಅಕಬ್, ಇಲ್ಲವೇ ಈ ಶುಆಫಾತ್. ತಂಗಿ ಕಫ್ರ್ ಅಕಬ್‌ನಲ್ಲಿದ್ದಾಳೆ. ಅಕ್ಕತಂಗಿಯರು ಫೋನಿನಲ್ಲೇ ಜಾಸ್ತಿ.

ನನ್ನ ಕೆಲಸದ ಕಣ್ಣಿಗೆ ಜಾಸ್ತಿ ನೋವು ಕೊಟ್ಟದ್ದು ಇನ್ನೊಂದು ಸಂಗತಿ. ಪಶ್ಚಿಮ ದಂಡೆಯಿಂದ ದೊಡ್ಡ ಕಾಯಿಲೆಯವರು ಪೂರ್ವ ಯೆರೂಸಲೇಮಿನ ಆಸ್ಪತ್ರೆಗಳಿಗೆ ಬರಬೇಕಾಗುತ್ತದೆ. ಅದಕ್ಕೂ ಪರವಾನಗಿ. ಅವರ ಆಂಬ್ಯುಲೆನ್ಸ್ ಚೆಕ್‌ಪೋಸ್ಟಿನಲ್ಲಿ ನಿಲ್ಲುತ್ತದೆ. ಈಚೆಯಿಂದ ಇನ್ನೊಂದು ಬಂದು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲುತ್ತದೆ. ರೋಗಿಯನ್ನು ಆ ಸ್ಟ್ರೆಚರಿನಿಂದ ಈ ಸ್ಟ್ರೆಚರಿಗೆ ರಸ್ತೆಯಲ್ಲೇ ಬದಲಿಸುತ್ತಾರೆ. ನಾನು ದಿನಾ ಒಬ್ಬರನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುವವಳು. ಕುತ್ತಿಗೆ ಹಿಡಿಯಬೇಕು, ಸೊಂಟ ತಿರುಗಬಾರದು, ಕ್ಯಾತೆಟರ್ ಎಳೆಯಬಾರದು. ಬೆಚ್ಚಗಿನ ಕೋಣೆಯೊಳಗೆ ಮಾಡಿದರೂ ಅಜ್ಜಿ ಹಲ್ಲು ಕಚ್ಚುತ್ತಾರೆ. ಅದನ್ನು ಚಳಿಗಾಳಿಯಲ್ಲಿ, ಹಾರ್ನುಗಳ ನಡುವೆ, ಬಂದೂಕು ಹಿಡಿದವರ ಎದುರು ಮಾಡಬೇಕು. ಡ್ರಿಪ್ಪಿನ ಬಾಟಲಿ ಒಂದು ಕೈಯಿಂದ ಇನ್ನೊಂದು ಕೈಗೆ. ನರ್ಸಮ್ಮ ಇದನ್ನು ಹೇಳುವಾಗ ಧ್ವನಿ ಏರಿಸಲಿಲ್ಲ. ಅವಳ ವಾರ್ಡಿಗೆ ಬರುವವರು ಬರುವುದೇ ಹೀಗೆ.

ಊರಿನ ನೆನಪಾಯಿತು. ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ನಾಲ್ಕೈದು ಬಡವರ ಮನೆಗಳಿದ್ದವು. ಅವರಿಗೆ ರೂಢಿಯ ದಾರಿ ಇದ್ದದ್ದು ಒಬ್ಬ ದೊಡ್ಡ ಜಮೀನುದಾರರ ತೋಟದ ಬದಿಯಲ್ಲಿ. ಕಳ್ಳರ ಕಾಟ ಅಂತ ಅವರು ಮುರಕಲ್ಲಿನ ಕಂಪೌಂಡು ಕಟ್ಟಿಸಿದರು. ತೋಟಕ್ಕೆ ಕಳ್ಳರು ಬಂದದ್ದೂ ನಿಜ. ಆದರೆ ಮೇಲಿನ ಮನೆಯ ಬಸುರಿಯನ್ನು ಕುರ್ಚಿಯಲ್ಲಿ ಕೂರಿಸಿ, ತೋಡಿನ ಬದಿಯಿಂದ ಸುತ್ತುಹಾಕಿ ರಸ್ತೆಗೆ ಹೊತ್ತು ತಂದದ್ದನ್ನು ನಾನು ಸಣ್ಣವಳಿದ್ದಾಗ ನೋಡಿದ್ದೇನೆ. ಊರಿನವರು ಯಾರೂ ಬಾಯಿ ಬಿಡಲಿಲ್ಲ. ಅವರ ಜಾಗ, ಅವರ ಗೋಡೆ ಅಂದರು. ನನ್ನ ಮನೆಯವರೂ ಅದನ್ನೇ ಅಂದರು. ಇಲ್ಲಿಯದು ಅದಕ್ಕಿಂತ ಕಷ್ಟದ್ದು. ಇಲ್ಲಿ ಜಾಗವೇ ದಾರಿ ಕಳಕೊಂಡವರದು, ಗೋಡೆ ಮಾತ್ರ ಬೇರೆಯವರದು.

ಕೊನೆಗೆ, ಊರಿನ ಹುಡುಗರಿಗೆ ಒಂದು ಮಾತು. ಕರಾವಳಿಯ ನಾವು ಸಾವಿರಾರು ಮಂದಿ ಇಲ್ಲಿ ಮುದುಕರನ್ನು ನೋಡಿಕೊಂಡು ಬದುಕು ಕಟ್ಟಿಕೊಂಡವರು. ಈಚೆಗೆ ಕಟ್ಟಡದ ಕೆಲಸಕ್ಕೂ ಜನ ಬೇಕು ಅಂತ ಏಜೆಂಟರು ಹೇಳುತ್ತಿದ್ದಾರಂತೆ, ನನಗೂ ಫೋನುಗಳು ಬರುತ್ತಿವೆ. ಸಂಬಳ ಎಷ್ಟು ಅಕ್ಕ, ಕೆಲಸ ಸಲೀಸಾ ಅಕ್ಕ ಅಂತ. ಈ ಕೆಲಸ ಖಾಲಿ ಆದದ್ದು ಹೇಗೆ ಅಂತ ಏಜೆಂಟರು ಹೇಳಿರುವುದಿಲ್ಲ. 2023ರ ಅಕ್ಟೋಬರ್ 7ಕ್ಕೆ ಮೊದಲು ಒಂದು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ದಿನಾ ನಸುಕಿಗೆ ಎದ್ದು ಚೆಕ್‌ಪೋಸ್ಟಿನ ಕ್ಯೂನಲ್ಲಿ ನಿಂತು ಕೆಲಸಕ್ಕೆ ಬರುತ್ತಿದ್ದರು. ಹಮಾಸ್ ದಾಳಿಯ ನಂತರ ಅವರ ಪರವಾನಗಿಗಳು ಬಹುಪಾಲು ನಿಂತುಹೋದವು. ಆ ಜಾಗಕ್ಕೆ ಭಾರತದಿಂದ ಸಾವಿರಾರು ಜನರನ್ನು ತಂದರು. ಹರಿಯಾಣ, ಉತ್ತರ ಪ್ರದೇಶ, ತೆಲಂಗಾಣದವರು.

ಹುಡುಗನ ಸೋದರಮಾವ ಟೈಲ್ಸ್ ಹಾಕುವವನು. ನಮ್ಮ ಬೀದಿಯ ತುದಿಯ ಕಟ್ಟಡದಲ್ಲಿ ಎರಡು ಮಹಡಿಗೆ ನೆಲ ಹಾಕಿದ್ದು ಅವನೇ. ಮೂರನೆಯದನ್ನು ಈಗ ನಿಜಾಮಾಬಾದಿನ ಒಬ್ಬ ಹುಡುಗ ಹಾಕುತ್ತಿದ್ದಾನೆ. ಒಳ್ಳೆಯ ಹುಡುಗ. ತಂಗಿಯ ಮದುವೆಯ ಸಾಲ ತೀರಿಸಬೇಕು ಅಂತ ಬಂದವನು. ಸೋದರಮಾವನಿಗೂ ಮನೆಯಲ್ಲಿ ಮೂರು ಮಕ್ಕಳು. ಇಬ್ಬರೂ ಒಂದೇ ಮಹಡಿಯಲ್ಲಿ ನಿಂತು ಕೆಲಸ ಮಾಡಬಹುದಿತ್ತು, ಅಷ್ಟು ಕೆಲಸ ಇಲ್ಲಿದೆ.

ಅದಕ್ಕೆ ಫೋನು ಮಾಡುವವರಿಗೆ ನಾನು ಸಂಬಳವನ್ನೂ ಹೇಳುತ್ತೇನೆ, ಇದನ್ನೂ ಹೇಳುತ್ತೇನೆ. ಬರಬೇಡಿ ಅನ್ನುವ ಹಕ್ಕು ನನಗಿಲ್ಲ, ನಾನೂ ಸಾಲ ತೀರಿಸಲೆಂದೇ ಬಂದವಳು. ಮೊನ್ನೆ ಕಾರ್ಕಳದ ಒಬ್ಬ ಹುಡುಗ ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಅವರು ಈಗ ಏನು ಮಾಡ್ತಿದ್ದಾರೆ ಅಕ್ಕ?" ಅಂದ. ಇಷ್ಟು ಜನ ಫೋನು ಮಾಡಿದ್ದಾರೆ, ಅದನ್ನು ಕೇಳಿದವನು ಅವನೊಬ್ಬನೇ. ಗೊತ್ತಿದ್ದಷ್ಟು ಹೇಳಿದೆ. ಆ ಸೋದರಮಾವನಿಗೆ ಸಿಕ್ಕಿದ ದಿನ ಪಶ್ಚಿಮ ದಂಡೆಯ ರಾಮಲ್ಲಾ ಪೇಟೆಯಲ್ಲಿ ಕೂಲಿ, ಸಿಗದ ದಿನ ಮನೆ. ಬೇಲಿಯ ಈಚೆ ಉಳಿದಿರುವ ಮರಗಳನ್ನು ಅಪ್ಪನ ಜೊತೆ ನೋಡಿಕೊಳ್ಳುತ್ತಾನೆ. ಆಚೆಯ ಮರಗಳಿಗೆ ಹೋಗಲು ಈ ಸಲವೂ ಹೆಸರು ಕೊಟ್ಟಿದ್ದಾರೆ.