ಬಿಲ್ಲಿಗೆ ಹಣ ಕೊಡುವ ಮುನ್ನ ಸಂದು ಮುಚ್ಚಿ

ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಹಣ ಸಾಲದ ಕುಟುಂಬಕ್ಕೆ ಬಿಲ್ ಕಟ್ಟಿಕೊಟ್ಟರಷ್ಟೇ ಸಾಲದು. ಬಿಸಿ ಸೋರುವ ಮನೆಗೆ ಎಷ್ಟು ಸುರಿದರೂ ಅಷ್ಟೇ.

ಗಾಳಿ ಬೀಸುವ ದಿನ ಊದುಬತ್ತಿಯನ್ನು ಕಿಟಕಿ, ಬಾಗಿಲಿನ ಅಂಚಿಗೆ ಹಿಡಿಯಿರಿ (ಪರದೆ ಸರಿಸಿ). ಹೊಗೆ ಅಲುಗಿದಲ್ಲಿ ಸಂದು ಇದೆ. ಚೌಕಟ್ಟಿಗೆ ಫೋಮ್ ಪಟ್ಟಿ, ಬಾಗಿಲ ಅಡಿಗೆ ಬ್ರಷ್ ಪಟ್ಟಿ ಹಾಕಿ. ಧೂಳು ಒರೆಸದೆ ಅಂಟಿಸಿದ ಪಟ್ಟಿ ಬೇಗ ಕಿತ್ತು ಬರುತ್ತದೆ; ತೀರಾ ದಪ್ಪವಾದರೆ ಬಾಗಿಲೇ ಕೂರುವುದಿಲ್ಲ. ಗ್ಯಾಸ್, ಸೌದೆ ಉರಿಯುವ ಕೋಣೆಯ ಗಾಳಿಕಿಂಡಿಯನ್ನು ಮಾತ್ರ ಮುಟ್ಟಲೇಬೇಡಿ. ಗಾಳಿ ಸಾಲದೆ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ. ಬಚ್ಚಲಿನ ಕಿಂಡಿ ಮುಚ್ಚಿದರೆ ಗೋಡೆಗೆ ಬೂಷ್ಟು.

ಕಂಡೆನ್ಸಿಂಗ್ ಬಾಯ್ಲರ್ (ಹೊಗೆಯ ಬಿಸಿಯನ್ನೂ ಹಿಡಿದು ನೀರು ಕಾಯಿಸುವ ಯಂತ್ರ) ಇದ್ದರೆ ರೇಡಿಯೇಟರಿಗೆ (ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಫಲಕ) ಹೋಗುವ ನೀರನ್ನು 60 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ. ಮರಳುವ ನೀರು ಸುಮಾರು 55ಕ್ಕಿಂತ ತಣ್ಣಗಿದ್ದರಷ್ಟೇ ಹೊಗೆಯಲ್ಲಿನ ಆವಿ ನೀರಾಗಿ, ಅದರ ಬಿಸಿಯೂ ದಕ್ಕುತ್ತದೆ. ಅದೇ ಬಾಯ್ಲರ್ ಸ್ನಾನದ ನೀರಿನ ಟ್ಯಾಂಕನ್ನೂ ಕಾಯಿಸುತ್ತಿದ್ದರೆ ಇಷ್ಟು ಇಳಿಸಬೇಡಿ; ಟ್ಯಾಂಕ್ 60 ಮುಟ್ಟದಿದ್ದರೆ ಶ್ವಾಸಕೋಶಕ್ಕೆ ಸೋಂಕು ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು.

ಕೋಣೆಯ ಬಿಸಿಯಲ್ಲಿ ಮಾತ್ರ ಜಿಪುಣತನ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ ಕನಿಷ್ಠ ಮಟ್ಟ 18 ಡಿಗ್ರಿ. ವಯಸ್ಸಾದವರಿಗೆ, ಕೂಸುಗಳಿಗೆ ಇನ್ನೂ ಹೆಚ್ಚು ಬೇಕಾಗಬಹುದು.