ಸೋನಾಗಾಚಿಯ ಮಕ್ಕಳು ತೆಗೆದ ಚಿತ್ರಗಳು

ಕೋಲ್ಕತ್ತದ ಸೋನಾಗಾಚಿಯಲ್ಲಿ ಲೈಂಗಿಕ ಕಾರ್ಯಕರ್ತೆಯರ ಬದುಕನ್ನು ದಾಖಲಿಸಲು ತೊಡಗಿದ್ದ ಛಾಯಾಗ್ರಾಹಕಿ ಝಾನಾ ಬ್ರಿಸ್ಕಿ, ತಮ್ಮ ಕ್ಯಾಮೆರಾಕ್ಕೆ ಮುತ್ತಿಕೊಳ್ಳುತ್ತಿದ್ದ ಮಕ್ಕಳ ಕುತೂಹಲವನ್ನು ಗಮನಿಸಿ, ರೀಲು ಹಾಕುವ ಸಣ್ಣ ಕ್ಯಾಮೆರಾಗಳನ್ನು ಅವರ ಕೈಗೇ ಕೊಟ್ಟು ಪಾಠ ಆರಂಭಿಸಿದರು. ಹೊರಗಿನವರು ಕ್ಯಾಮೆರಾ ಎತ್ತಿದೊಡನೆ ಮುಖ ತಿರುಗಿಸುವ ಆ ಓಣಿಗಳಲ್ಲಿ ಈ ಮಕ್ಕಳು ಮನೆಯವರೇ ಆಗಿದ್ದುದರಿಂದ, ತಾರಸಿ, ಕತ್ತಲ ಮೆಟ್ಟಿಲು, ಅಡುಗೆಯ ಮೂಲೆಗಳೆಲ್ಲ ಅವರ ಚಿತ್ರಗಳೊಳಗೆ ಸಹಜವಾಗಿ ಬಂದವು.

ನನಗೆ ಹೆಚ್ಚು ಮುಖ್ಯವೆನಿಸುವುದು ಚಿತ್ರ ತೆಗೆದ ನಂತರದ ಕೆಲಸ. ಇಡೀ ರೀಲಿನ ಪುಟ್ಟ ಪ್ರತಿಗಳಿರುವ ಕಾಂಟ್ಯಾಕ್ಟ್ ಶೀಟನ್ನು ಮುಂದಿಟ್ಟುಕೊಂಡು, ಯಾವುದು ಉಳಿಯಬೇಕು, ಏಕೆ ಉಳಿಯಬೇಕು ಎಂದು ಮಕ್ಕಳೇ ಚರ್ಚಿಸುತ್ತಿದ್ದರು. ತಮ್ಮ ಓಣಿಯ ಬಗ್ಗೆ ಅವರು ತಾವಾಗಿ ತೀರ್ಪು ಕೊಡತೊಡಗಿದ್ದು ಅಲ್ಲಿಯೇ. ಬಟನ್ ಒತ್ತುವುದನ್ನು ಯಾರಾದರೂ ಕಲಿಸಬಹುದು ಬಿಡಿ.

ಅವರ ಚಿತ್ರಗಳು ಮಾರಾಟವಾಗಿ, ಹಣ ವಿದ್ಯಾಭ್ಯಾಸಕ್ಕೆ ಸಂದಿತು. ಈ ಪ್ರಯೋಗವನ್ನು ಕುರಿತ ‘ಬಾರ್ನ್ ಇಂಟು ಬ್ರಾತಲ್ಸ್’ ಸಾಕ್ಷ್ಯಚಿತ್ರಕ್ಕೆ 2005ರಲ್ಲಿ ಆಸ್ಕರ್ ದೊರೆಯಿತು. ಆದರೆ ಆ ಬಡಾವಣೆಯ ಮಹಿಳೆಯರದೇ ಸಂಘಟನೆಯಾದ ದುರ್ಬಾರ್ ಮಹಿಳಾ ಸಮನ್ವಯ ಸಮಿತಿ ಅದಕ್ಕೂ ಮುಂಚಿನಿಂದ ಆರೋಗ್ಯ ಮತ್ತು ಹಕ್ಕುಗಳಿಗಾಗಿ ದುಡಿಯುತ್ತಿದ್ದರೂ, ಚಿತ್ರ ತಾಯಂದಿರ ಆ ಹೋರಾಟವನ್ನು ಕಾಣಿಸಲಿಲ್ಲವೆಂಬ ಟೀಕೆ ಬಂದಿತು. ಈ ಟೀಕೆ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಮಕ್ಕಳ ಆಯ್ಕೆ ಅವರ ಛಾಯಾಚಿತ್ರಗಳಿಗಷ್ಟೇ ಸೀಮಿತವಾಗಿತ್ತು. ಸಾಕ್ಷ್ಯಚಿತ್ರದಲ್ಲಿ ಏನಿರಬೇಕೆಂಬುದನ್ನು ನಿರ್ಧರಿಸಿದವರು ಅದರ ನಿರ್ದೇಶಕರು.