ಝಾರ್ಸುಗುಡಕ್ಕೆ ಬೆಂಗಳೂರು ಸುತ್ತಿ

ಅಳಿಯ ತೋರಣಗಲ್ಲಿನ ಕೆಲಸ ಬಿಟ್ಟು ಒಡಿಶಾದ ಝಾರ್ಸುಗುಡಕ್ಕೆ ಹೋದ. ಅಲ್ಲೂ ಉಕ್ಕಿನ ಕೆಲಸವೇ. ಹೋದ ಹೊಸತರಲ್ಲೇ ಫೋನ್ ಮಾಡಿ ಕರೆದ. "ವಿದ್ಯಾನಗರ ಏರ್‌ಪೋರ್ಟಿಂದ ಇಲ್ಲಿಗೆ 1,080 ಕಿಲೋಮೀಟರ್ ಅಷ್ಟೇ ಮಾವಾ. ಎರಡು ತಾಸಿನ ದಾರಿ, ಬಂದುಬಿಡ್ರಿ."

ಲೆಕ್ಕವೇನೋ ಸರಿ. ಮ್ಯಾಪಿನಲ್ಲಿ ನೆಟ್ಟಗೆ ಗೆರೆ ಎಳೆದು, ಗಂಟೆಗೆ 800 ಕಿ.ಮೀ. ಅಂತ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿದರೆ ಎರಡು ತಾಸೂ ಆಗುವುದಿಲ್ಲ. ಆದರೆ ಆ ಗೆರೆಯ ಮೇಲೆ ಹಾರುವ ವಿಮಾನ ಬೇಕಲ್ಲ! ಹೈದರಾಬಾದ್ ಹೆಚ್ಚುಕಡಿಮೆ ಆ ಗೆರೆಯ ಮೇಲೇ ಇದೆ. ಹಾಗೆ ಹೋದರೆ ಸುತ್ತು ಅನ್ನುವುದೇ ಇಲ್ಲ. ನಮಗೆ ಬೇಕಾದ ದಿನ ಅಲ್ಲಿ ಒಂದಕ್ಕೊಂದು ಹೊಂದುವ ವಿಮಾನ ಸಿಗಲಿಲ್ಲ. ಬೆಂಗಳೂರಿನ ಮೇಲೆ ಹೊರಟೆವು.

ವಿದ್ಯಾನಗರ ಏರ್‌ಪೋರ್ಟ್ ಇರುವುದು ತೋರಣಗಲ್ಲಿನಲ್ಲೇ, ಬಳ್ಳಾರಿಯಿಂದ ಅಲ್ಲಿಗೆ ಸುಮಾರು 30 ಕಿ.ಮೀ. ಕುಡತಿನಿ ದಾಟುವವರೆಗೆ ಲಾರಿಗಳ ಹಿಂದೆ ಲಾರಿ. ಕಾರಿನ ಹುಡುಗ "ಟೈಮಿದೆ ಬಿಡ್ರಿ ಸರ್" ಅನ್ನುತ್ತಲೇ ಇದ್ದ, ನನ್ನ ಕಣ್ಣು ಮಾತ್ರ ಗಡಿಯಾರದ ಮೇಲೆ. ಚಾಗನೂರು-ಸಿರಿವಾರದ ಕಡೆ ಬಳ್ಳಾರಿಗೇ ಒಂದು ವಿಮಾನ ನಿಲ್ದಾಣ ಆಗುತ್ತದೆ ಅಂತ ವರ್ಷಗಳಿಂದ ಕೇಳುತ್ತಿದ್ದೇವೆ. ಅದಿರಲಿ.

ನಮಗೆ ಸಿಕ್ಕಿದ್ದು ಫ್ಯಾನಿನ ವಿಮಾನ, ಎಟಿಆರ್. ಹತ್ತುವ ಬಾಗಿಲು ಹಿಂದೆ, ಲಗೇಜು ಮುಂದೆ. ನಮ್ಮವಳು ಮೆಟ್ಟಿಲ ಹತ್ತಿರ ನಿಂತು, "ಇದೇನ್ರೀ, ಸಿಟಿ ಬಸ್ಸಿನಂಗೆ ಹಿಂದಿಂದ ಹತ್ತಬೇಕಾ?" ಅಂದಳು. ರೆಕ್ಕೆ ಕಿಟಕಿಯ ಮೇಲುಗಡೆ ಇರುವುದರಿಂದ ಕೆಳಗಿನದೆಲ್ಲ ಚೆನ್ನಾಗಿ ಕಾಣುತ್ತದೆ. ಕಾರ್ಖಾನೆಯ ಚಿಮಣಿಗಳು, ಆಮೇಲೆ ಸಂಡೂರಿನ ಗುಡ್ಡಗಳಲ್ಲಿ ಗಣಿಗಾಗಿ ಕೊರೆದ ಕೆಂಪು ಮೆಟ್ಟಿಲುಗಳು. ನೆಲದ ಮೇಲಿಂದ ನೋಡಿದರೆ ಅಷ್ಟು ಮೆಟ್ಟಿಲಿವೆ ಅಂತ ಗೊತ್ತೇ ಆಗುವುದಿಲ್ಲ.

ಬೆಂಗಳೂರಿಗೆ ಗಾಳಿಯಲ್ಲಿ 250 ಕಿ.ಮೀ. ಈ ವಿಮಾನ ಗಂಟೆಗೆ 500 ಓಡುತ್ತದೆ. ಹಾಗಿದ್ದರೆ ಅರ್ಧ ಗಂಟೆ ಸಾಕಲ್ವಾ? ಟಿಕೆಟ್ಟಿನಲ್ಲಿ ಒಂದು ಗಂಟೆಯ ಮೇಲಿತ್ತು. ನಿಂತ ಜಾಗ ಬಿಟ್ಟಾಗಿನಿಂದ ಇಳಿದ ಊರಲ್ಲಿ ಮತ್ತೆ ನಿಲ್ಲುವವರೆಗಿನ ಹೊತ್ತನ್ನೆಲ್ಲ ಹಿಡಿಯುತ್ತಾರೆ. ಬೆಂಗಳೂರಿನಲ್ಲಿ ನೆಲ ಮುಟ್ಟಿದ ಮೇಲೂ ಉರುಳುತ್ತಲೇ ಇರುತ್ತದೆ.

ಟಿಕೆಟ್ ಎರಡೂ ಬೇರೆ ಬೇರೆ. ಹಾಗಾಗಿ ಲಗೇಜು ನಾವೇ ತೆಗೆದುಕೊಂಡು ಮತ್ತೆ ಕೌಂಟರಿನಲ್ಲಿ ಕೊಡಬೇಕು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಕೇಳುವವರಿಲ್ಲ. ಆ ಭಯಕ್ಕೇ ನಡುವೆ ನಾಲ್ಕು ತಾಸು ಬಿಟ್ಟುಕೊಂಡಿದ್ದೆವು. ಕಾಯುತ್ತ ಕೂತಾಗ ಸುಮ್ನೆ ಮ್ಯಾಪ್ ತೆರೆದೆ. ಬೆಂಗಳೂರಿನಿಂದ ಝಾರ್ಸುಗುಡಕ್ಕೆ ಸುಮಾರು 1,180 ಕಿ.ಮೀ.! ಬೆಳಗಿನಿಂದ ಒದ್ದಾಡಿ ಮಗಳ ಮನೆಯಿಂದ 100 ಕಿ.ಮೀ. ದೂರ ಸರಿದಿದ್ದೆವು. ಹೋಗಬೇಕಾದ್ದು ಈಶಾನ್ಯಕ್ಕೆ, ಬಂದಿದ್ದು ದಕ್ಷಿಣಕ್ಕೆ.

ಮುಂದಿನ ದಾರಿ ನಿದ್ದೆಯಲ್ಲೇ ಕಳೆಯಿತು. ಇಳಿಯುವ ಹೊತ್ತಿಗೆ ಹಿರಾಕುಡ್ ಅಣೆಕಟ್ಟಿನ ನೀರು ಕಂಡಿತು. ಅಳಿಯ ಬಾಗಿಲಲ್ಲೇ ನಿಂತಿದ್ದ. "ಎರಡು ತಾಸು ಆಯ್ತೇನಪಾ?" ಅಂದೆ. ನಕ್ಕ.

ನಮ್ಮವಳು ಬಿಡಲಿಲ್ಲ. "ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಾಗ ಮಲಗಿದ್ರೆ ಬೆಳಿಗ್ಗೆ ಬೆಂಗಳೂರಾಗ ಏಳ್ತಿದ್ವಿ. ಅರ್ಧ ರೊಕ್ಕ ಉಳೀತಿತ್ತು." ಮೆಜೆಸ್ಟಿಕ್‌ನಿಂದ ದೇವನಹಳ್ಳಿವರೆಗಿನ ಟ್ರಾಫಿಕ್ ಬಗ್ಗೆ ಹೇಳಹೊರಟೆ. ಅವಳು ಆಗಲೇ ಅಳಿಯನಿಗೆ ವಾಪಸ್ ಹೈದರಾಬಾದ್ ಮೇಲೆ ಟಿಕೆಟ್ ನೋಡು ಅಂತ ಹೇಳುತ್ತಿದ್ದಳು.